ಒಂದೇ ನೋಟು, ಎರಡು ಖಜಾನೆ

ತೊಂಡೇಬಾವಿ ಸ್ಟೇಷನ್ನಿನಲ್ಲಿ ಹಿಂದೂಪುರದ ಕಡೆ ಹೋಗುವ ರೈಲಿಗೆ ಕಾಯುತ್ತಿದ್ದೀರಿ. ಎಳೆಬಿಸಿಲು. ಬೆನ್ನ ಹಿಂದೆ ಮಾಕಳಿದುರ್ಗದ ಬೆಟ್ಟ, ಆಚೆ ಸಿಮೆಂಟ್ ಲಾರಿಗಳ ಸದ್ದು. ಪಕ್ಕದಲ್ಲಿ ಕೂತ ಹಿರಿಯರು ಮುಸುಕಿನ ಜೋಳ ಮಾರಿದ ದುಡ್ಡನ್ನು ಎರಡನೇ ಸಲ ಎಣಿಸಿ ಒಳಜೇಬಿಗೆ ಸೇರಿಸುತ್ತಾರೆ.

"ಎಲ್ಲಿಗ್ ಯಜಮಾನ್ರೇ?"

"ಹಿಂದೂಪುರಕ್ಕಪ್ಪ. ಮಗಳ ಮನೆ."

ರೈಲು ಬರುತ್ತದೆ, ಇಬ್ಬರೂ ಹತ್ತುತ್ತೀರಿ. ಕಿಟಕಿಯಾಚೆ ಜೋಳದ ಹೊಲ, ಹಿಪ್ಪುನೇರಳೆ ತೋಟ, ಅಲ್ಲಲ್ಲಿ ಬೋರ್‌ವೆಲ್ಲಿನ ಪೈಪಿನಿಂದ ಹೊಮ್ಮುವ ನೀರು. ಗೌರಿಬಿದನೂರು ಕಳೆಯಿತು, ವಿದುರಾಶ್ವತ್ಥ ಕಳೆಯಿತು. ಮುಂದೆ ಎಲ್ಲೋ ಒಂದು ಕಡೆ ಗಡಿ ದಾಟಿದ್ದೀರಿ. ಬೋರ್ಡಿನ ಅಕ್ಷರ ತೆಲುಗಿಗೆ ತಿರುಗುವವರೆಗೆ ಅದು ನಿಮಗೆ ಗೊತ್ತಾಗುವುದಿಲ್ಲ. ಹಿಂದೂಪುರದಲ್ಲಿ ಇಳಿದು ಯಜಮಾನರು ಟೀ ಅಂಗಡಿಯವನಿಗೆ ಐನೂರರ ನೋಟು ಕೊಡುತ್ತಾರೆ. ಚಿಲ್ಲರೆ ಇಲ್ಲವೆಂದು ಅವನು ಗೊಣಗುತ್ತಾನೆ, ಅಷ್ಟೇ. ಇದು ಯಾವ ರಾಜ್ಯದ ದುಡ್ಡು, ಇವತ್ತಿನ ರೇಟು ಎಷ್ಟು ಎಂದು ಕೇಳುವುದಿಲ್ಲ. ಹಿಂದೆ ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಇಂಡಿಯಾದ ರೂಪಾಯಿ ನಡೆಯುತ್ತಿದ್ದರೆ, ರಾಯಚೂರು, ಕಲಬುರಗಿಯವರು ನಿಜಾಮರ ಹಾಲಿ ಸಿಕ್ಕ ರೂಪಾಯಿಯನ್ನು ಲೆಕ್ಕ ಹಾಕಿ ಬದಲಾಯಿಸಿಕೊಳ್ಳಬೇಕಿತ್ತು.

ನೋಟು ಒಂದೇ, ಖಜಾನೆ ಮಾತ್ರ ಬೇರೆ. ದಾರಿಯಲ್ಲಿ ಕಂಡ ಮೋಟಾರುಗಳನ್ನೇ ನೋಡಿ. ಆಂಧ್ರದಲ್ಲಿ 2004ರಿಂದ, ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಉಚಿತ. ರೈತರಿಗೆ ಬಿಲ್ಲು ಬರುವುದಿಲ್ಲ. ಅತ್ತಲದು ಅಮರಾವತಿಗೆ, ಇತ್ತಲದು ಬೆಂಗಳೂರಿಗೆ ಹೋಗುತ್ತದೆ. ತೆರಿಗೆ ಸಾಲದಿದ್ದರೆ ಇಬ್ಬರೂ ಸಾಲ ಎತ್ತಬೇಕು. ನೋಟು ಅಚ್ಚು ಹಾಕುವ ಅಧಿಕಾರ ಇಬ್ಬರಿಗೂ ಇಲ್ಲ.

ಇದೇ ಏರ್ಪಾಡು ಕೈಕೊಟ್ಟ ಊರೊಂದಿದೆ. 2015ರ ಜುಲೈ ಮೊದಲ ವಾರ, ಅಥೆನ್ಸ್. ಬ್ಯಾಂಕಿನ ಬಾಗಿಲು ಮುಚ್ಚಿದೆ. ನೀವು ಎಟಿಎಂ ಮುಂದಿನ ಸಾಲಿನಲ್ಲಿದ್ದೀರಿ. ಖಾತೆಯಲ್ಲಿ ಎಷ್ಟೇ ಇರಲಿ, ದಿನಕ್ಕೆ 60 ಯೂರೋ ಮಾತ್ರ. ಕಾರ್ಡ್ ಇಲ್ಲದ ಪಿಂಚಣಿದಾರರಿಗಾಗಿ ಕೆಲವು ಶಾಖೆಗಳನ್ನು ತೆರೆದಿದ್ದಾರೆ. ಅಲ್ಲಿ ಮುದುಕರು ಒಬ್ಬರನ್ನೊಬ್ಬರು ತಳ್ಳುತ್ತ ನಿಂತಿದ್ದಾರೆ. ವಾರಕ್ಕೆ 120 ಯೂರೋ. ಬೆವರು, ಬೈಗುಳ, ನಡುನಡುವೆ ಅಳು. ಜೀವಮಾನವಿಡೀ ದುಡಿದವರನ್ನು ತಮ್ಮದೇ ದುಡ್ಡಿಗಾಗಿ ಹೀಗೆ ನಿಲ್ಲಿಸುವುದು ಅನ್ಯಾಯ.

ಗ್ರೀಕರು ಸೋಮಾರಿಗಳು, ಅದಕ್ಕೇ ಹೀಗಾಯಿತು ಎಂಬ ಮಾತು ಆಗ ಯುರೋಪಿನಲ್ಲೆಲ್ಲ ಓಡಾಡಿತು. ಅದು ಸುಳ್ಳು. ವರ್ಷಕ್ಕೆ ದುಡಿಯುವ ಗಂಟೆಗಳ ಲೆಕ್ಕದಲ್ಲಿ ಗ್ರೀಕರು ಜರ್ಮನರಿಗಿಂತ ಮುಂದಿದ್ದರು. ತಪ್ಪು ನಡೆದದ್ದು ಬೇರೆ ಕಡೆ. ಗ್ರೀಸ್ 2001ರಲ್ಲಿ ಯೂರೋ ಕೂಟ ಸೇರಿತು, 340.75 ದ್ರಾಕ್ಮಾಕ್ಕೆ ಒಂದು ಯೂರೋ. 1990ರ ದಶಕದ ಆರಂಭದಲ್ಲಿ ಶೇ 20ರ ಆಸುಪಾಸಿನ ಬಡ್ಡಿ ತೆರುತ್ತಿದ್ದ ಸರ್ಕಾರಕ್ಕೆ ಈಗ ಹೆಚ್ಚುಕಡಿಮೆ ಜರ್ಮನಿಯ ದರದಲ್ಲೇ ಸಾಲ ಸಿಗತೊಡಗಿತು. ದುಡ್ಡು ಒಂದೇ ಆದಮೇಲೆ ಸಾಲಗಾರರೂ ಒಂದೇ ಎಂದು ಕೊಟ್ಟವರು ನಂಬಿದರು. ಜರ್ಮನಿ, ಫ್ರಾನ್ಸಿನ ಬ್ಯಾಂಕುಗಳು ಧಾರಾಳವಾಗಿ ಕೊಟ್ಟವು. ಅಥೆನ್ಸ್ ತೆರಿಗೆಯನ್ನು ಸರಿಯಾಗಿ ವಸೂಲಿ ಮಾಡದೆ, ಲೆಕ್ಕವನ್ನೂ ತಿದ್ದಿ ಇಟ್ಟುಕೊಂಡು ಖರ್ಚು ಮಾಡಿತು. 2009ರ ಅಕ್ಟೋಬರಿನಲ್ಲಿ ಅಧಿಕಾರಕ್ಕೆ ಬಂದ ಜಾರ್ಜ್ ಪಪಾಂಡ್ರೂ ಸರ್ಕಾರ ಪುಸ್ತಕ ಬಿಚ್ಚಿದಾಗ ಆ ವರ್ಷದ ಕೊರತೆ ಜಿಡಿಪಿಯ ಶೇ 12 ದಾಟಿತ್ತು. ಕೊನೆಯ ಲೆಕ್ಕದಲ್ಲಿ ಶೇ 15ನ್ನೂ ಮೀರಿತು. ಕೂಟದ ನಿಯಮ ಹೇಳಿದ್ದು ಶೇ 3.

ಆದರೆ ಐರ್ಲೆಂಡ್, ಸ್ಪೇನ್ ಕೂಡ ಮುಳುಗಿದವಲ್ಲ? 2007ರಲ್ಲಿ ಆ ಎರಡೂ ಸರ್ಕಾರಗಳ ಸಾಲ ಜಿಡಿಪಿಯ ಲೆಕ್ಕದಲ್ಲಿ ಜರ್ಮನಿಗಿಂತ ಬಹಳ ಕಡಿಮೆಯಿತ್ತು. ಅಲ್ಲಿ ಅಗ್ಗದ ಸಾಲ ಹರಿದದ್ದು ಮನೆ, ಸೈಟುಗಳಿಗೆ. ಬೆಲೆ ಕುಸಿದಾಗ ಬ್ಯಾಂಕುಗಳು ಬಿದ್ದವು, ಅವನ್ನು ಎತ್ತಲು ಹೋಗಿ ಸರ್ಕಾರಗಳೇ ಸಾಲದಲ್ಲಿ ಹೂತವು. ಹಾಗಾಗಿ ದುಂದೊಂದನ್ನೇ ದೂರಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಉಳಿದ ಅರ್ಧ, ಸ್ವಂತ ದುಡ್ಡು ಇಲ್ಲದ್ದು. 1991ರಲ್ಲಿ ನಾವು ಚಿನ್ನ ಅಡವಿಟ್ಟು ನಿಂತಾಗ ಜುಲೈನಲ್ಲಿ ಎರಡು ಸಲ ರೂಪಾಯಿಯ ಬೆಲೆ ಇಳಿಸಿ ಉಸಿರಾಡಿಕೊಂಡೆವು. ಗ್ರೀಸಿನ ಕೈಯಲ್ಲಿ ಇಳಿಸಲು ಸ್ವಂತ ದುಡ್ಡೇ ಇರಲಿಲ್ಲ. ಕೂಲಿ, ಪಿಂಚಣಿಯನ್ನೇ ಇಳಿಸಬೇಕಾಯಿತು. ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆಯಲ್ಲ ಎಂದು ಯುರೋಪಿಯನ್ ಒಕ್ಕೂಟದ ಒಪ್ಪಂದದಲ್ಲೇ ಬರೆದಿತ್ತು. ಆದರೂ 2010ರ ಮೇ ತಿಂಗಳಲ್ಲಿ 110 ಬಿಲಿಯನ್ ಯೂರೋ ನೆರವು ಬಂತು, ಬಿಗಿ ಷರತ್ತುಗಳ ಜೊತೆಗೆ. 2013ರ ಹೊತ್ತಿಗೆ ನಿರುದ್ಯೋಗ ಶೇ 27 ಮುಟ್ಟಿತು.

ನಮ್ಮ ರೂಪಾಯಿಯ ಮನೆಯಲ್ಲಿ ಹಂಚಿಕೊಳ್ಳುವ ಬೊಕ್ಕಸವೊಂದಿದೆ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ಪಾಲು ರಾಜ್ಯಗಳಿಗೆ ಬರುತ್ತದೆ. ಆ ಪಾಲಿನಲ್ಲಿ ಕರ್ನಾಟಕದ ಭಾಗ 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದಲ್ಲಿ 3.647ಕ್ಕೆ ಇಳಿಯಿತು. 2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಪುಟದೊಂದಿಗೆ ಜಂತರ್ ಮಂತರ್‌ನಲ್ಲಿ ಧರಣಿ ಕೂತದ್ದು ಇದಕ್ಕೇ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಜಗಳವಾಡಲು ಒಂದು ಬೊಕ್ಕಸ ಇರುವುದರಿಂದಲೇ ಹಿಂದೂಪುರದ ಬ್ಯಾಂಕಿನ ಮುಂದೆ ಅಥೆನ್ಸಿನ ಸಾಲು ನಿಲ್ಲುವುದಿಲ್ಲ ಎಂಬುದೂ ನಿಜ.

ಇನ್ನೊಂದು ವಿಷಯದಲ್ಲಿ ಮಾತ್ರ ಅಥೆನ್ಸಿನ ನೆರಳು ಇಲ್ಲಿಯೂ ಇದೆ. ರಾಜ್ಯಗಳ ಸಾಲಪತ್ರವನ್ನು ರಿಸರ್ವ್ ಬ್ಯಾಂಕ್ ಸಾಮಾನ್ಯವಾಗಿ ಮಂಗಳವಾರ ಹರಾಜು ಹಾಕುತ್ತದೆ. ಲೆಕ್ಕ ಚೊಕ್ಕವಾಗಿಟ್ಟ ರಾಜ್ಯಕ್ಕೂ ಕುತ್ತಿಗೆಮಟ್ಟ ಸಾಲದಲ್ಲಿರುವ ರಾಜ್ಯಕ್ಕೂ ಅಲ್ಲಿ ಸಿಗುವ ಬಡ್ಡಿಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಎಚ್ಚರಿಸಬೇಕಾದ ಬಡ್ಡಿದರ ಸುಮ್ಮನಿದ್ದುಬಿಡುತ್ತದೆ. ಬಜೆಟ್ಟಿನ ಹೊರಗೆ ನಿಗಮಗಳ ಹೆಸರಿನಲ್ಲಿ ಎತ್ತುವ ಸಾಲ ಯಾರ ಲೆಕ್ಕಕ್ಕೆ ಎಂಬ ಜಗಳವೂ ಶುರುವಾಗಿದೆ. ಸಾಲದ ಮಿತಿಯ ವಿಚಾರದಲ್ಲಿ ಕೇಂದ್ರದ ವಿರುದ್ಧ ಕೇರಳ ಹೂಡಿದ ದಾವೆಯನ್ನು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠಕ್ಕೆ ಒಪ್ಪಿಸಿತು.

ಆದ್ದರಿಂದ ಅಂಕಿಗಳನ್ನು ನಾವೇ ಓದಬೇಕು. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ನಮ್ಮ ಒಟ್ಟು ಸಾಲಕ್ಕೆ ಎಳೆದ ಗೆರೆ, ರಾಜ್ಯದ ಜಿಎಸ್‌ಡಿಪಿಯ ಶೇ 25. 2025–26ರ ಬಜೆಟ್ ಅಂದಾಜಿನ ಪ್ರಕಾರ ವರ್ಷದ ಕೊನೆಗೆ ಸಾಲ 7,64,655 ಕೋಟಿ ರೂಪಾಯಿ, ಅಂದರೆ ಶೇ 24.91. ಆ ಲೆಕ್ಕದಲ್ಲಿ ಗೆರೆಯ ಈಚೆಗೇ ಇದ್ದೆವು. ಉಳಿದ ಜಾಗ ಸುಮಾರು 2,800 ಕೋಟಿ. ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳಿಗೆ ಅದೇ ವರ್ಷ ಇಟ್ಟ ಹಣ 51,034 ಕೋಟಿ. ಅದು ತೊಂಡೇಬಾವಿಯ ಹೆಂಗಸರ ಕೈಗೆ ಸಲ್ಲಬೇಕಾದದ್ದೇ ಎಂದು ನಾನು ನಂಬುತ್ತೇನೆ. ಆದರೆ ಆ ಉಳಿದ ಜಾಗ ಗ್ಯಾರಂಟಿಗಳ ಒಂದು ತಿಂಗಳ ಖರ್ಚಿಗೂ ಸಾಲದು.