ಪಣಂಬೂರಿಗೆ ಇಳಿದು ಬಂದ ಗುಡ್ಡ

ಮಂಗಳೂರಿನಿಂದ ಉಡುಪಿಯ ದಾರಿ ಹಿಡಿದು ಸುಮಾರು 10 ಕಿಲೋಮೀಟರ್ ಹೋದರೆ ಪಣಂಬೂರು. ಭಾನುವಾರ ಸಂಜೆ ಇಲ್ಲಿನ ಕಡಲತೀರದಲ್ಲಿ ಚರುಮುರಿ ಕೊಳ್ಳುವವರ, ಮರಳಿನಲ್ಲಿ ಓಡುವ ಮಕ್ಕಳ ಸಂಭ್ರಮ. ಪಕ್ಕದಲ್ಲೇ ನವಮಂಗಳೂರು ಬಂದರು. ಮಕ್ಕಳಿಗೆ ಹಡಗು ತೋರಿಸುವ ತಂದೆತಾಯಿಯರು, ಬಂದರಿನ ಬಳಿ ಇರುವ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಕಾರ್ಖಾನೆಯ ಕಥೆಯನ್ನೂ ಹೇಳಬೇಕು.

ಕೇಂದ್ರ ಸರ್ಕಾರದ ಈ ಕಂಪನಿ ಹುಟ್ಟಿದ್ದು 1976ರಲ್ಲಿ. ಘಟ್ಟದ ಮೇಲಿನ ಕುದುರೆಮುಖದಲ್ಲಿ ಅಗೆದ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿದ್ದರು. ಇಲ್ಲಿ ನೀರು ಬಸಿದು ಅದಿರನ್ನು ಹಡಗಿಗೆ ಏರಿಸುತ್ತಿದ್ದರು. ಹೀಗೆ ಅದಿರು ಪಡುವಣಕ್ಕೆ ಇಳಿಯಿತು. ಗಣಿಯ ಕೆಸರು ಮಾತ್ರ ಮಳೆಗಾಲದಲ್ಲಿ ಭದ್ರಾ ನದಿ ಸೇರಿ ಘಟ್ಟದ ಆಚೆಗೆ ಹರಿಯಿತು. ಹಡಗು ಕಂಡವರಿಗೆ ಕೆಸರು ಕಾಣಲಿಲ್ಲ, ಕೆಸರು ಕಂಡವರಿಗೆ ಹಡಗು ಕಾಣಲಿಲ್ಲ.

ಆದ್ದರಿಂದಲೇ ಕಂಪನಿಯನ್ನು ಪ್ರಶ್ನಿಸುವುದು ಯಾರೊಬ್ಬರಿಂದಲೂ ಆಗುವ ಕೆಲಸವಾಗಿರಲಿಲ್ಲ. 1969ರಲ್ಲಿ ಕೊಟ್ಟ 30 ವರ್ಷಗಳ ಗಣಿ ಗುತ್ತಿಗೆ 1999ರಲ್ಲಿ ಮುಗಿಯಿತು. ಅದನ್ನು ಮುಂದುವರಿಸುವ ಮಾತು ಬಂದಾಗ ಮಲೆನಾಡಿನ ರೈತರು, ಲೇಖಕರು, ವಿದ್ಯಾರ್ಥಿಗಳು ‘ತುಂಗಾ ಮೂಲ ಉಳಿಸಿ’ ಎಂದು ಬೀದಿಗಿಳಿದರು. ವಿಜ್ಞಾನಿಗಳು ಭದ್ರೆಯ ನೀರಿನಲ್ಲಿ ಹೂಳೆಷ್ಟೆಂದು ಅಳೆದರು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ‘ವೈಲ್ಡ್‌ಲೈಫ್ ಫಸ್ಟ್’ ಸಂಸ್ಥೆಯ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬೀದಿಯ ಕೂಗಿಗೆ ಅಳತೆಯ ಬಲ ಸಿಕ್ಕಿತು, ಅಳತೆಗೆ ಕಾನೂನಿನ ಬಲ ಸಿಕ್ಕಿತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕು. ಅದರಂತೆ ನಿಂತಿತು.

ಕಥೆ ಇಲ್ಲಿಗೇ ಮುಗಿಯಿತೆಂದರೆ ಅರ್ಧ ಸತ್ಯ ಹೇಳಿದಂತೆ. ಗಣಿಯನ್ನೇ ನಂಬಿ ಕುದುರೆಮುಖದಲ್ಲಿ ನೆಲೆಸಿದ್ದ ಕುಟುಂಬಗಳು ಊರು ಬಿಟ್ಟವು. ಕ್ವಾರ್ಟರ್ಸ್‌ಗಳು ಖಾಲಿಯಾದವು. ಪಣಂಬೂರಿನ ಕಾರ್ಖಾನೆ ಹೊರರಾಜ್ಯಗಳ ಅದಿರಿಗೆ ಕಾಯಬೇಕಾಯಿತು. ನದಿಗೆ ಉತ್ತರ ಹೇಳಬೇಕಾದ ಕಂಪನಿ ದುಡಿದವರಿಗೂ ಉತ್ತರ ಹೇಳಬೇಕಲ್ಲವೆ? ಅದು ಖಾಸಗಿಯದಿರಲಿ, ಸರ್ಕಾರದ್ದಿರಲಿ, ಲೆಕ್ಕದ ಪುಸ್ತಕದಲ್ಲಿ ಈ ಎರಡಕ್ಕೂ ಜಾಗವಿರಬೇಕು.

ಮುಂದಿನ ಭಾನುವಾರ ಪಣಂಬೂರಿಗೆ ಹೋದಾಗ ಮಕ್ಕಳು ಹಡಗು ಎಣಿಸುತ್ತಾರೆ, ಎಣಿಸಲಿ. ಜೊತೆಗೆ ಎರಡು ಪ್ರಶ್ನೆ ಕೇಳುವುದನ್ನೂ ಕಲಿಸಿ: ಈ ಸರಕು ಎಲ್ಲಿಂದ ಬಂತು? ತೆಗೆದ ಜಾಗದಲ್ಲಿ ಏನು ಉಳಿಯಿತು?