ಟೇಲರ್ ಬಿಟ್ಟುಹೋದ ಎರಡು ಗಣಿ

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಶೆಲ್ಡನ್ ಎಂಬ ಹಳ್ಳಿಯಿದೆ. ಅದರ ಪಕ್ಕದ ಬಯಲಿನಲ್ಲಿ ಮ್ಯಾಗ್‌ಪೈ ಎಂಬ ಹಳೆಯ ಸೀಸದ ಗಣಿ. 1839ರಲ್ಲಿ ಅದರ ಉಸ್ತುವಾರಿಗೆ ಬಂದವನು ಜಾನ್ ಟೇಲರ್. 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅವನ ಮನೆತನದ್ದೇ. ಆ ಗಣಿಯ ಊರು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಆ ಹೆಸರು ಹೊಸದಲ್ಲ. ಮಗಳ ಮನೆಗೆಂದು ಶೆಫೀಲ್ಡಿಗೆ ಹೋದಾಗ ಮ್ಯಾಗ್‌ಪೈ ನೋಡಲೇಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ.

ಅಲ್ಲಿ ಈಗ ಕುರಿ, ದನ ಮೇಯುತ್ತವೆ. ಹುಲ್ಲಿನ ನಡುವೆ 1869ರ ಎಂಜಿನ್ ಮನೆ, ಸೂರಿಲ್ಲದ ದಪ್ಪ ಕಲ್ಲಿನ ಗೋಡೆಗಳು, ಪಕ್ಕದಲ್ಲೊಂದು ದುಂಡು ಚಿಮಣಿ. ಟೇಲರ್ ಕಾಲದ ಚೌಕ ಚಿಮಣಿ ಸ್ವಲ್ಪ ದೂರದಲ್ಲಿದೆ. ಏಳುನೂರು ಅಡಿಗೂ ಆಳವಾದ ಶಾಫ್ಟಿನ ತಳದಲ್ಲಿ ನೀರು. ಅದರ ಬದಿಗೆ 1950ರ ದಶಕದ ತಗಡಿನ ಶೆಡ್. ಕೊನೆಯ ಸಲ ಗಣಿ ನಡೆಸಲು ನೋಡಿದವರು ಹಾಕಿದ್ದು. ಮಿಕ್ಕವರು ಚಿಮಣಿಯ ಫೋಟೋ ತೆಗೆಯುತ್ತಿದ್ದರೆ ನಾನು ಆ ತುಕ್ಕು ತಗಡಿನ ಎದುರು ನಿಂತೆ. ಕಲ್ಲಿನ ಗೋಡೆ ನನಗೆ ಅಪರಿಚಿತ. ತಗಡು, ಅದರ ಮೇಲೆದ್ದ ಹೆಡ್‌ಗೇರ್ ಎಂಬ ರಾಟೆಯ ಗೋಪುರ, ಇವು ನಮ್ಮೂರಿನವು.

ಮ್ಯಾಗ್‌ಪೈ ಯಾರನ್ನೂ ಉದ್ಧಾರ ಮಾಡಲಿಲ್ಲ. ಬಂದ ಹಣವೆಲ್ಲ ನೀರೆತ್ತುವುದಕ್ಕೇ ಹೋಯಿತು. ಟೇಲರನಿಗೂ ನೀರು ಬಗ್ಗಲಿಲ್ಲ. ಕೊನೆಗೆ 1873ರಿಂದ 1881ರವರೆಗೆ ಬಂಡೆ ಕೊರೆದು ನೀರು ಹರಿದುಹೋಗಲು ವೈ ನದಿಗೆ ಸುರಂಗ ತೆಗೆದರು. 1962ರಲ್ಲಿ ಅದು ಒಳಗೇ ಕುಸಿದು ಕಟ್ಟಿಕೊಂಡಿತು. ಒಳಗೆ ತುಂಬಿದ ನೀರು 1966ರಲ್ಲಿ ಒಮ್ಮೆಲೇ ಒಡೆದುಕೊಂಡು ಗುಡ್ಡದ ಮಣ್ಣುಕಲ್ಲನ್ನು ಹೊಳೆಗೆ ತಂದು ಹಾಕಿತು. ಅದಕ್ಕೂ ಹಿಂದೆ, 1833ರಲ್ಲಿ, ಪಕ್ಕದ ರೆಡ್ ಸಾಯಿಲ್ ಗಣಿಯವರಿಗೂ ಇವರಿಗೂ ಅದಿರಿನ ಒಂದೇ ಎಳೆಗಾಗಿ ಜಗಳವಾಗಿ, ನೆಲದಡಿ ಹಾಕಿದ ಬೆಂಕಿಯ ಹೊಗೆಗೆ ರೆಡ್ ಸಾಯಿಲ್‌ನ ಮೂವರು ಉಸಿರುಕಟ್ಟಿ ಸತ್ತರು. ಕೊಲೆ ಮೊಕದ್ದಮೆ ನಡೆದು ಎಲ್ಲರೂ ಬಿಡುಗಡೆಯಾದರು. ವಿಧವೆಯರು ಗಣಿಗೆ ಶಾಪ ಹಾಕಿದರೆಂದು ಜನ ಇಂದಿಗೂ ಹೇಳುತ್ತಾರೆ.

ನನ್ನ ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ ಗಣಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿಯ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುತ್ತದೆ. ರಾತ್ರಿ ಹೊತ್ತು ರಾಕ್ ಬರ್ಸ್ಟ್ ಆದರೆ ಅಡುಗೆಮನೆಯ ಹಲಗೆಯ ಮೇಲೆ ಲೋಟಗಳು ಗಲಗಲ ಅನ್ನುತ್ತಿದ್ದವು. ಅಮ್ಮ ಎದ್ದು ಕೂತು "ಯಾವ ಶಾಫ್ಟ್ ಅಂತೆ ರೀ?" ಎಂದು ಕೇಳುತ್ತಿದ್ದಳು. ಬೀದಿಯಲ್ಲಿ ಆಗಲೇ ಜನ ನಿಂತಿರುತ್ತಿದ್ದರು, ತಮಿಳು, ತೆಲುಗು, ಕನ್ನಡ ಎಲ್ಲದರಲ್ಲೂ ಅದೇ ಪ್ರಶ್ನೆ. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹತ್ತಿದವರ ಕೆಮ್ಮು ಕೇಳಿಯೇ ಬೆಳೆದವನು ನಾನು. ಆದರೆ ಕೆಲಸವಿತ್ತು, ಆಸ್ಪತ್ರೆಯಿತ್ತು, 1902ರಿಂದ ಶಿವನಸಮುದ್ರದ ಕರೆಂಟು ಇತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಪಂಪು ನಿಂತ ಮೇಲೆ ಶಾಫ್ಟುಗಳಿಗೆ ನೀರು ತುಂಬಿತು. ಈಗ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದು ಊರಿನ ಕಸುಬಾಗಿದೆ. ಉಳಿದಿರುವ ದೊಡ್ಡ ಕುರುಹೆಂದರೆ ಸೈನೈಡ್ ದಿಬ್ಬಗಳು, ಚಿನ್ನ ತೆಗೆದ ಮೇಲೆ ಮಿಕ್ಕ ಪುಡಿಯ ರಾಶಿಗಳು. ಹದಿಮೂರು ದಿಬ್ಬ, ಸುಮಾರು 3.3 ಕೋಟಿ ಟನ್ ಪುಡಿ. ಗಾಳಿಗಾಲದಲ್ಲಿ ಅದು ಮನೆಯೊಳಗೆ, ಅನ್ನದ ತಟ್ಟೆಗೆ ಬರುತ್ತದೆ. ಅದರಲ್ಲಿ ಮಿಕ್ಕ ಚಿನ್ನವನ್ನು ತೆಗೆಯುವ ಮಾತು ಆಗಾಗ ಏಳುತ್ತದೆ. ಧೂಳು ತಡೆಯುವ ಮಾತು ಅಷ್ಟು ಬೇಗ ಏಳುವುದಿಲ್ಲ.

ಮ್ಯಾಗ್‌ಪೈಯ ಮಣ್ಣೂ ಶುದ್ಧವೇನಲ್ಲ. ಅಲ್ಲಿನ ಗಣಿತ್ಯಾಜ್ಯದ ಗುಪ್ಪೆಗಳಲ್ಲಿ ಸೀಸ ತಡೆದುಕೊಳ್ಳುವ ಸಣ್ಣ ಬಿಳಿ ಹೂವಿನ ಗಿಡವೊಂದು ಹರಡಿದೆ. ಆ ಸೀಮೆಯಲ್ಲಿ ಇಂಥ ನೆಲದಲ್ಲಿ ಮೇಯ್ದ ದನಗಳಿಗೆ ವಿಷವೇರುವುದು ಹಳೆಯ ಸಂಗತಿ. ಆದರೂ ಅಲ್ಲಿ ಗೋಡೆ ಬೀಳದಂತೆ ನೋಡಿಕೊಳ್ಳುವವರಿದ್ದಾರೆ. ಗಣಿ ಇತಿಹಾಸದ ಆಸಕ್ತರ ಒಂದು ಸಂಘ 1962ರಿಂದ ಗಣಿ ಏಜೆಂಟನ ಹಳೆಯ ಮನೆಯನ್ನು ತನ್ನ ನೆಲೆ ಮಾಡಿಕೊಂಡಿದೆ. ಲಾಭವನ್ನೇ ಸರಿಯಾಗಿ ಕಾಣದ ಗಣಿಗೆ ಇಷ್ಟು ಸಂದಿದೆ. ಎಂಟುನೂರು ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ನಮ್ಮ ಗಣಿಯ ಹೆಡ್‌ಗೇರ್‌ಗಳು ಮಳೆಯಲ್ಲಿ ನೆನೆಯುತ್ತಿವೆ.

ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಮ್ಯಾಗ್‌ಪೈಯಲ್ಲಿ ಯಾರೂ ವಾಸವಿಲ್ಲ, ಕೆಜಿಎಫ್‌ನಲ್ಲಿ ಜನ ಇನ್ನೂ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳಲ್ಲೇ ಬದುಕುತ್ತಿದ್ದಾರೆ. ಹಾಗಾಗಿ ಮೊದಲು ದಿಬ್ಬದ ಧೂಳು ಕೂರಿಸಿ, ಆಮೇಲೆ ಚಿನ್ನದ ಲೆಕ್ಕ ಹಾಕಿ. ಜೊತೆಗೆ ಉಳಿದಿರುವ ಹೆಡ್‌ಗೇರ್‌ಗಳಲ್ಲಿ ಒಂದನ್ನಾದರೂ ಗುಜರಿಗೆ ಹಾಕದೆ ಬಣ್ಣ ಬಳಿದು ನಿಲ್ಲಿಸಿ, ಕೆಳಗಿಳಿದು ಮರಳಿ ಬಾರದವರ ಹೆಸರುಗಳನ್ನು ಅದರ ಬುಡದಲ್ಲಿ ಮೂರು ಭಾಷೆಯಲ್ಲೂ ಬರೆಸಿ.