ಆಗುಂಬೆ ಘಾಟಿಯಲ್ಲಿ ವೈಪರ್‌ನ ಬೆಲೆ

ಮಳೆಗಾಲವೂ ಕಾಲೇಜು ಸೇರುವ ಕಾಲವೂ ಜೊತೆಯಾಗಿಯೇ ಬರುತ್ತವೆ. ಮಣಿಪಾಲ, ಉಡುಪಿ, ಸುರತ್ಕಲ್ ಕಡೆ ಸೀಟು ಸಿಕ್ಕ ಬಯಲುಸೀಮೆಯ ಮಕ್ಕಳು ಹಾಸಿಗೆ, ಬಕೆಟ್ಟು, ಪುಸ್ತಕದ ಪೆಟ್ಟಿಗೆಗಳನ್ನು ಕಾರಿನ ಡಿಕ್ಕಿಗೆ ತುಂಬಿಕೊಂಡು, ಅಪ್ಪ ಅಮ್ಮನೊಡನೆ ಘಟ್ಟ ಇಳಿಯುವುದು ಈ ದಿನಗಳಲ್ಲೇ. ಹೊರಡುವ ಮುನ್ನ ಟೈರಿಗೆ ಗಾಳಿ ಹಿಡಿಸುತ್ತಾರೆ, ಎಂಜಿನ್ ಆಯಿಲ್ ನೋಡುತ್ತಾರೆ, ಕನ್ನಡಿಗೊಂದು ನಿಂಬೆಹಣ್ಣು ಕಟ್ಟುತ್ತಾರೆ. ಮುಂದಿನ ಗಾಜಿನ ಮೇಲೆ ಮಲಗಿರುವ ಎರಡು ವೈಪರ್‌ಗಳತ್ತ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ.

ಚಿತ್ರದುರ್ಗದಿಂದ ಹೊರಟ ಕಾರು ಹೊಳಲ್ಕೆರೆ ದಾಟಿ ಶಿವಮೊಗ್ಗ ತಲುಪುವವರೆಗೆ ಅವುಗಳಿಗೆ ಕೆಲಸವೂ ಇಲ್ಲ. ಗಾಜನೂರು, ಮಂಡಗದ್ದೆ ಬರುವಷ್ಟರಲ್ಲಿ ತುಂಗೆ ರಸ್ತೆಯ ಜೊತೆಗೂಡುತ್ತಾಳೆ, ತುಂತುರು ಶುರುವಾಗುತ್ತದೆ. ತೀರ್ಥಹಳ್ಳಿ ಕಳೆದು ಮೇಗರವಳ್ಳಿ ಸಮೀಪಿಸಿದಾಗ ಮರಗಳು ರಸ್ತೆಯ ಮೇಲೆ ಬಾಗಿ, ಹಗಲು ಹೊತ್ತಿನಲ್ಲೇ ದೀಪ ಹಾಕುವಂತಾಗುತ್ತದೆ. ಅಲ್ಲಿಂದ ಮುಂದೆ ಆಗುಂಬೆ.

ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಮಾಲ್ಗುಡಿಯಾಗಿ ನಿಂತ ಈ ಪುಟ್ಟ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಚಿತ್ರದುರ್ಗದಲ್ಲಿ ವರ್ಷವಿಡೀ ಸುರಿಯುವುದಕ್ಕಿಂತ ಹೆಚ್ಚು ನೀರು ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಇಳಿಯುತ್ತದೆ. ಬಾನು ತಿಳಿಯಾಗಿದ್ದ ಸಂಜೆ ಸೂರ್ಯಾಸ್ತದ ಕಟ್ಟೆಯಿಂದ ಅರಬ್ಬಿ ಸಮುದ್ರದ ಅಂಚು ಕಾಣುವುದುಂಟು. ಮಳೆಗಾಲದಲ್ಲಿ ಅದೇ ಕಟ್ಟೆಯ ಮೇಲೆ ನಿಂತರೆ ಮೂರು ಮಾರು ದೂರದ ಮರವೂ ಮಂಜಿನಲ್ಲಿ ಮುಳುಗಿರುತ್ತದೆ. ಆ ಬಿಳುಪಿನೊಳಗೇ ರಸ್ತೆ 14 ಹಿಮ್ಮುರಿ ತಿರುವುಗಳಲ್ಲಿ ಸೋಮೇಶ್ವರಕ್ಕೆ ಇಳಿಯಬೇಕು.

ಇಲ್ಲಿ ಚಾಲಕನ ಕಣ್ಣಿಗೆ ಆಸರೆ ವೈಪರ್‌ನ ತುದಿಯಲ್ಲಿರುವ ರಬ್ಬರಿನ ಸಣ್ಣ ತುಟಿ. ಅದು ಗಾಜಿನ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಹೋಗುವ ದಿಕ್ಕಿಗೆ ಹಿಂದಾಗಿ ಕೊಂಚ ಬಾಗಿ ನೀರನ್ನು ಎಳೆದುಕೊಂಡು ಹೋಗುತ್ತದೆ. ಕೊನೆ ಮುಟ್ಟಿ ಹಿಂದಿರುಗುವಾಗ ಮಗ್ಗುಲು ಬದಲಿಸಿ ಇನ್ನೊಂದು ಕಡೆಗೆ ಬಾಗುತ್ತದೆ. ರಬ್ಬರು ಮೆತ್ತಗಿದ್ದರೆ ಈ ಹೊರಳಾಟ ಸದ್ದಿಲ್ಲದೆ ನಡೆಯುತ್ತದೆ. ಗಡುಸಾದರೆ ತುಟಿ ಹೊರಳದೆ, ಗಡಗಡ ಕುಣಿಯುತ್ತಾ, ನೀರಿನ ಪಟ್ಟೆಗಳನ್ನು ಬಿಟ್ಟು ಹೋಗುತ್ತದೆ. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಬಹುದು. ಗಂಟೆಗೆ 36 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಗಾಜು ಎರಡು ಸೆಕೆಂಡು ಮಸುಕಾದರೂ ಕಾರು 20 ಮೀಟರ್ ಕುರುಡಾಗಿ ಓಡಿರುತ್ತದೆ. ಆಗುಂಬೆಯ ತಿರುವಿಗೆ ಅಷ್ಟು ದೂರ ಬೇಕಿಲ್ಲ.

ಹಾಗಾದರೆ ರಬ್ಬರು ಕೆಡುವುದು ಯಾವಾಗ? ಮಳೆಯಲ್ಲಿ ಎಂದೇ ಬಹಳ ಮಂದಿಯ ಊಹೆ. ನಿಜದಲ್ಲಿ ಅದು ಹೆಚ್ಚು ಹಾಳಾಗುವುದು ಬಿಸಿಲಿನಲ್ಲಿ. ಬಯಲುಸೀಮೆಯ ಕಾರಿನ ವೈಪರ್ ವರ್ಷದ ಬಹುಪಾಲು ತಿಂಗಳು ಕಾದ ಗಾಜಿಗೆ ಒತ್ತಿಕೊಂಡು ಸುಮ್ಮನೆ ಮಲಗಿರುತ್ತದೆ. ಬಿಸಿಲು ರಬ್ಬರನ್ನು ಗಡುಸು ಮಾಡಿ ಸೀಳುತ್ತದೆ, ಒಂದೇ ಕಡೆ ಬಾಗಿದ ತುಟಿ ಹಾಗೆಯೇ ಸೆಟೆದುಕೊಳ್ಳುತ್ತದೆ. ನಡುನಡುವೆ ಗಾಜಿನ ಧೂಳು ಹೋಗಲೆಂದು ಒಣ ವೈಪರ್ ಓಡಿಸುವವರಿದ್ದಾರೆ. ಆಗ ಧೂಳಿನ ಕಣಗಳು ಮರಳು ಕಾಗದದಂತೆ ತುಟಿಯನ್ನೂ ಸವೆಸುತ್ತವೆ, ಗಾಜನ್ನೂ ಗೀರುತ್ತವೆ. ಹೀಗೆ ಊರಿನಲ್ಲಿ ಆದ ಕೇಡು ಗೊತ್ತಾಗುವುದು ಘಟ್ಟದ ನೆತ್ತಿಯ ಮೇಲೆ.

ಆದ್ದರಿಂದ ಪರೀಕ್ಷೆ ಮನೆಯ ಅಂಗಳದಲ್ಲೇ ನಡೆಯಬೇಕು. ಗಾಜಿನ ಮೇಲೆ ಒಂದು ತಂಬಿಗೆ ನೀರು ಸುರಿದು ವೈಪರ್ ಓಡಿಸಿದರೆ ಸಾಕು. ತೆಳುವಾದ ಗೆರೆಗಳು ಉಳಿದರೆ ತುಟಿಯಲ್ಲಿ ಕೊಳೆ ಇದೆ, ಇಲ್ಲವೇ ಅದು ಕಚ್ಚುಬಿದ್ದಿದೆ. ಅಗಲವಾದ ಪಟ್ಟೆ ಒರೆಸದೆ ಉಳಿದರೆ ಚೌಕಟ್ಟು ಬಾಗಿದೆ ಅಥವಾ ತೋಳಿನ ಸ್ಪ್ರಿಂಗ್ ಸೋತಿದೆ. ಗಾಜಿನ ಮೇಲೆಲ್ಲ ಎಣ್ಣೆ ಹಚ್ಚಿದಂತೆ ಮಸುಕು ಹರಡಿದರೆ ತಪ್ಪು ವೈಪರ್‌ನದಲ್ಲ. ಲಾರಿಗಳ ಹೊಗೆಯ ಜಿಡ್ಡು ಗಾಜಿಗೆ ಅಂಟಿದೆ. ಮೊದಲು ಗಾಜನ್ನೇ ತೊಳೆಯಬೇಕು.

ಕೊಳ್ಳುವಾಗ ಅಂಗಡಿಯವನು ಕೊಟ್ಟದ್ದನ್ನೇ ತರಬಾರದು. ಚಾಲಕನ ಬದಿಯ ಬ್ಲೇಡೂ ಪಕ್ಕದ್ದೂ ಅನೇಕ ಕಾರುಗಳಲ್ಲಿ ಒಂದೇ ಉದ್ದ ಇರುವುದಿಲ್ಲ. ಅಳತೆ ಕಾರಿನ ಕೈಪಿಡಿಯಲ್ಲಿ ಇರುತ್ತದೆ, ಇಲ್ಲದಿದ್ದರೆ ಹಳೆಯದನ್ನು ಅಂಗುಲಗಳಲ್ಲಿ ಅಳೆದುಕೊಳ್ಳಬೇಕು. ಉದ್ದ ಹೆಚ್ಚಾದರೆ ಎರಡೂ ಒಂದಕ್ಕೊಂದು ತಗಲುತ್ತವೆ, ಕಡಿಮೆಯಾದರೆ ಗಾಜಿನ ಅಂಚು ಒರೆಸದೆ ಉಳಿಯುತ್ತದೆ. ತೋಳಿನ ಕೊಕ್ಕೆಗೆ ಹೊಂದುತ್ತದೆಯೇ ಎಂಬುದನ್ನೂ ನೋಡಬೇಕು.

ಬಗೆಗಳು ಮುಖ್ಯವಾಗಿ ಮೂರು. ಲೋಹದ ಚೌಕಟ್ಟಿನ ಹಳೆಯ ಮಾದರಿ ಅಗ್ಗ, ಕೆಲವಕ್ಕೆ ರಬ್ಬರನ್ನಷ್ಟೇ ಬದಲಿಸಬಹುದು. ಆದರೆ ಕೀಲುಗಳಲ್ಲಿ ಕೆಸರು, ತುಕ್ಕು ಸೇರುತ್ತದೆ. ಚೌಕಟ್ಟಿಲ್ಲದ ಚಪ್ಪಟೆ ಮಾದರಿಯ ಒಳಗೆ ಉಕ್ಕಿನ ಪಟ್ಟಿ ಇದ್ದು, ಬಾಗಿದ ಗಾಜಿನ ಉದ್ದಕ್ಕೂ ಒತ್ತಡವನ್ನು ಸಮನಾಗಿ ಹಂಚುತ್ತದೆ. ಮೂರನೆಯದು ಚೌಕಟ್ಟಿನ ಮೇಲೆ ಕವಚ ತೊಟ್ಟ ಮಿಶ್ರ ಬಗೆ. ರಬ್ಬರಿಗಿಂತ ಸಿಲಿಕೋನ್ ತುಟಿ ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಬೆಲೆಯೂ ಹೆಚ್ಚು. ಯಾವುದೇ ಆಗಲಿ, ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯಲ್ಲಿ ಬದಲಿಸಿದರೆ ಹೊಸ ತುಟಿ ಮಳೆಗೇ ಸಿಗುತ್ತದೆ. ಬದಲಿಸುವಾಗ ಗಾಜಿನ ಮೇಲೆ ಮಡಿಸಿದ ಬಟ್ಟೆ ಹಾಸಿರಬೇಕು. ಬ್ಲೇಡಿಲ್ಲದ ತೋಳು ಕೈಜಾರಿ ಬಡಿದರೆ ಗಾಜೇ ಸೀಳಬಹುದು.

ಆರೈಕೆಗೆ ದೊಡ್ಡ ಖರ್ಚಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ತುಟಿಯನ್ನು ಉದ್ದಕ್ಕೂ ಒರೆಸುವುದು, ಕಾರನ್ನು ನೆರಳಿನಲ್ಲಿ ನಿಲ್ಲಿಸುವುದು, ಒಣ ಗಾಜಿನ ಮೇಲೆ ವೈಪರ್ ಓಡಿಸದಿರುವುದು, ಗಾಜಿಗೆ ನೀರು ಚಿಮ್ಮಿಸುವ ತೊಟ್ಟಿಯನ್ನು ತುಂಬಿಡುವುದು, ಇಷ್ಟೇ.

ಈ ಸಾಧನದ ಹಿಂದೆಯೂ ಕೆಟ್ಟ ಹವೆಯ ಕಥೆಯೇ ಇದೆ. ಚಳಿಗಾಲದ ನ್ಯೂಯಾರ್ಕಿನಲ್ಲಿ ಟ್ರಾಮ್ ಚಾಲಕ ದಾರಿ ಕಾಣದೆ ಪಡುತ್ತಿದ್ದ ಪಾಡನ್ನು ಕಂಡ ಮೇರಿ ಆಂಡರ್ಸನ್ ಎಂಬ ಮಹಿಳೆ, ಒಳಗಿನಿಂದಲೇ ಕೈಯಲ್ಲಿ ಆಡಿಸುವ ಒರೆಸುಪಟ್ಟಿ ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದಳು. ತುಂತುರಿಗೆ ತಕ್ಕಂತೆ ನಿಂತು ನಿಂತು ಓಡುವ ವೈಪರನ್ನು 1960ರ ದಶಕದಲ್ಲಿ ರೂಪಿಸಿದವರಲ್ಲಿ ರಾಬರ್ಟ್ ಕೆರ್ನ್ಸ್ ಹೆಸರುವಾಸಿ. ಆತನಿಗೆ ಮಾದರಿಯಾದದ್ದು ಕಣ್ಣು ಮಿಟುಕಿಸುವ ರೆಪ್ಪೆ!

ಘಟ್ಟದ ಮಂಜಿನಲ್ಲಿ ಇನ್ನೊಂದು ಮೋಸವಿದೆ. ವೈಪರ್ ಎಷ್ಟು ಓಡಿದರೂ ಗಾಜು ತಿಳಿಯಾಗದು. ಬೆರಳಿಟ್ಟು ನೋಡಿದರೆ ಆವಿ ಕಟ್ಟಿರುವುದು ಒಳಗೆ. ಒಳಗಿರುವವರ ಉಸಿರೂ ಒದ್ದೆ ಬಟ್ಟೆಯೂ ತಣ್ಣನೆಯ ಗಾಜಿಗೆ ತಾಗಿ ಮಂಜಾಗುತ್ತದೆ. ಎ.ಸಿ. ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಿದರೆ ಅದು ಕರಗುತ್ತದೆ. ಹೆಡ್‌ಲೈಟನ್ನು ಕೆಳಗಿನ ಬೆಳಕಿಗೆ ಇಳಿಸಬೇಕು. ಮೇಲಿನ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ಹಿಂದಿರುಗುತ್ತದೆ. ಮಳೆ ವೈಪರ್‌ನ ಶಕ್ತಿಯನ್ನು ಮೀರಿದರೆ ಹಠ ಬೇಡ. ಇಳಿಯುವ ಮೊದಲೇ ಆಗುಂಬೆ ಪೇಟೆಯಲ್ಲಿ ಚಹಾ ಕುಡಿದು ಅರ್ಧ ಗಂಟೆ ಕಾಯುವುದು ಲೇಸು. ಮಣ್ಣು ಕುಸಿದು ದಾರಿ ಮುಚ್ಚಿದ ವರ್ಷಗಳೂ ಇರುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಹದಿನಾಲ್ಕನೆಯ ತಿರುವು ಮುಗಿದು ಸೋಮೇಶ್ವರ ಬಂದಾಗ ಕಾಡು ಸರಿದು ಗದ್ದೆ, ತೆಂಗು ಕಾಣುತ್ತವೆ. ಹೆಬ್ರಿ ದಾಟಿದರೆ ಉಡುಪಿ ದೂರವಿಲ್ಲ. ಹಾಸ್ಟೆಲಿನ ಬಾಗಿಲಲ್ಲಿ ಮಗಳಿಗೆ ಹೇಳಬೇಕಾದ ಬುದ್ಧಿಮಾತನ್ನೆಲ್ಲ ಹೇಳಿ, ಅಮ್ಮ ಕಣ್ಣೊರೆಸಿಕೊಂಡು ಕಾರು ಹತ್ತುತ್ತಾಳೆ. ಜಾಣ ತಂದೆ ಕೀಲಿ ತಿರುಗಿಸುವ ಮುನ್ನ ಒದ್ದೆ ಬಟ್ಟೆ ಹಿಡಿದು ಎರಡೂ ವೈಪರ್‌ಗಳನ್ನು ಒರೆಸುತ್ತಾನೆ. ಮರಳುವ ದಾರಿಯಲ್ಲಿ ಮತ್ತೆ ಹದಿನಾಲ್ಕು ತಿರುವುಗಳಿವೆ.